ಅತ್ತೆಯ ಕರಡಿಗೆ ಕೆಂಗೇರಿಗೆ ಹೋದ ದಿನ

ಮಳೆ ಬರುತ್ತದೆ, ಮಳೆ ಬರುತ್ತದೆ ಎಂದು ಟಿ.ವಿ.ಯವರು ವಾರದಿಂದ ಬಾಯಿ ಬಡಿದುಕೊಳ್ಳುತ್ತಿದ್ದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಂತೆ, ಹಳದಿ ಅಲರ್ಟಂತೆ. ನಮ್ಮ ಯಜಮಾನರು ಕೇಳಿದರೆ ತಾನೆ! "ನೀರಲ್ಲಿ ಆಡೋಕೆ ತಾನೇ ಕಣೇ ಹೋಗೋದು, ಮೇಲಿಂದಾನೂ ಒಂಚೂರು ಬಿದ್ರೆ ಏನಾಗುತ್ತೆ?" ಎಂದರು. ಆನ್‌ಲೈನಿನಲ್ಲಿ ಟಿಕೆಟ್ ತೆಗೆದಾಗಿತ್ತು, ದಸರಾ ರಜೆ ಮುಗಿಯುತ್ತಾ ಬಂದಿತ್ತು, ಮಗಳು ಹಿಂದಿನ ರಾತ್ರಿ ಈಜುಡುಗೆ ಹಾಕಿಕೊಂಡೇ ಮಲಗಿದ್ದಳು. ಹನ್ನೊಂದು ವರ್ಷದ ಹುಡುಗಿಗೆ ವಾಯುಭಾರ ಕುಸಿತ ಅಂದರೆ ಏನು ಅರ್ಥವಾಗಬೇಕು? ಬೆಳಿಗ್ಗೆ ಎದ್ದು ಕಾರು ಹತ್ತಿದೆವು.

ಹೊರಟವರು ನಾಲ್ವರು: ನಾನು, ಯಜಮಾನರು, ಮಗಳು, ನಮ್ಮ ಅತ್ತೆ. ಅತ್ತೆ ಹಾವೇರಿ ಕಡೆಯವರು. ವಿಜಯನಗರದ ನಮ್ಮ ಮನೆಗೆ ಬಂದು ಏಳೆಂಟು ವರ್ಷವಾದರೂ ಅವರ ಮಾತು ಹಾವೇರಿ ಬಿಟ್ಟು ಅಲ್ಲಾಡಿಲ್ಲ. "ನಾ ಯಾಕ ಬರ್ಲಿ, ಈ ವಯಸ್ಸಿನಾಗ ನೀರಾಗ ಬೀಳಾಕೇನು?" ಎಂದು ಮೊದಲು ರಾಗ ಎಳೆದರು. ಮೊಮ್ಮಗಳು ಬುದ್ಧಿವಂತೆ. "ನೀನು ಬಂದ್ರೆ ಬ್ಯಾಗ್ ನೋಡ್ಕೋತೀಯ ಅಜ್ಜಿ, ಲಾಕರ್ ಬೇಕಾಗಲ್ಲ" ಎಂದಳು. ಒಂದು ಕೆಲಸ ಅಂತ ಕೊಟ್ಟರೆ ಅತ್ತೆ ಎಲ್ಲಿಗೆ ಬೇಕಾದರೂ ಬರುತ್ತಾರೆ. ತಾವೇ ರೊಟ್ಟಿ ತಟ್ಟಿ, ಎಣ್ಣೆಗಾಯಿ ಪಲ್ಯ ಮಾಡಿ ಡಬ್ಬಿ ತುಂಬಿಸಿಟ್ಟರು.

ಅತ್ತೆಯ ವಿಷಯದಲ್ಲಿ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಕೊರಳಲ್ಲಿ ಯಾವಾಗಲೂ ಒಂದು ಬೆಳ್ಳಿಯ ಕರಡಿಗೆ ಇರುತ್ತದೆ. ಬೆಳ್ಳಿ ಸವೆದು ಅಂಚೆಲ್ಲ ನುಣುಪಾಗಿದೆ, ಗಟ್ಟಿ ದಾರದಲ್ಲಿ ಎದೆಯ ಮೇಲೆ ತೂಗುತ್ತದೆ. ಅದರೊಳಗೆ ಅವರ ಇಷ್ಟಲಿಂಗ. ಲಂಗ ಉಡುವ ವಯಸ್ಸಿನಲ್ಲಿ ಊರಿನ ಸ್ವಾಮಿಗಳು ಕಟ್ಟಿದ್ದಂತೆ. ಸ್ನಾನಕ್ಕೂ ತೆಗೆಯುವುದಿಲ್ಲ, ಮಲಗುವಾಗಲೂ ತೆಗೆಯುವುದಿಲ್ಲ. ಮೈಮೇಲೆ ಲಿಂಗವಿಲ್ಲದೆ ಅವರು ಅನ್ನ ಹಾಗಿರಲಿ, ಒಂದು ಹನಿ ನೀರನ್ನೂ ಬಾಯಿಗೆ ಹಾಕುವವರಲ್ಲ. ಒಮ್ಮೆ ಎಕ್ಸ್‌ರೇ ತೆಗೆಸುವಾಗ ಕೊರಳಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದೇ ನಿಂತಿದ್ದರು. ಹಾಗಂತ ನಮಗೆ ಯಾರಿಗೂ ಎಂದೂ ಉಪದೇಶ ಮಾಡಿದವರಲ್ಲ. ಯಜಮಾನರು ಕಾಲೇಜು ಸೇರಿದ ವರ್ಷವೇ ತೆಗೆದಿಟ್ಟರು, ಬೆವರಿಗೆ ನವೆ ಬರುತ್ತದೆ ಎಂಬುದು ನೆಪ. ನನಗೆ ಕಟ್ಟಿದ್ದು ದೇವರ ಮನೆಯ ಡಬ್ಬಿಯಲ್ಲಿದೆ, ಹಬ್ಬಕ್ಕೊಮ್ಮೆ ತೆಗೆದು ಪೂಜೆ ಮಾಡಿ ಮತ್ತೆ ಇಡುತ್ತೇನೆ. ಅತ್ತೆಯದನ್ನೂ ನಾನು ಒಂದು ಅಭ್ಯಾಸ ಎಂದೇ ತಿಳಿದಿದ್ದೆ, ಬೆಳಗಿನ ಕಾಫಿಯ ಹಾಗೆ.

ಆ ವಾಟರ್ ಪಾರ್ಕು ಇರುವುದು ಮೈಸೂರು ರಸ್ತೆಯಲ್ಲಿ, ಕೆಂಗೇರಿ, ಕುಂಬಳಗೋಡು ದಾಟಿಕೊಂಡು ಇನ್ನೂ ಮುಂದೆ. ಕಾರಿನಲ್ಲಿ ಏನಾದರೂ ತಿಂದರೆ ಅತ್ತೆಗೆ ವಾಂತಿ ಬರುತ್ತದೆ. ಅದಕ್ಕೆ ಬೆಳಿಗ್ಗೆ ಬರೀ ಕಾಫಿ ಕುಡಿದು ಹೊರಟಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಪಾರ್ಕಿನ ಬೋರ್ಡು ಕಂಡ ಕೂಡಲೇ ಮಾತ್ರೆ ನುಂಗಿದರು, ಒಳಗೆ ಹೋಗಿ ಅರ್ಧ ಗಂಟೆಗೆ ರೊಟ್ಟಿ ತಿಂದರಾಯಿತು ಎಂದು. ಗೇಟಿನಲ್ಲಿ ಹೊರಗಿನ ತಿಂಡಿ ಬಿಡುವುದಿಲ್ಲ ಎಂದರು. "ಶುಗರ್ ಪೇಷೆಂಟ್ ಸಾರ್, ಡಾಕ್ಟ್ರು ಹೇಳಿರೋ ಊಟ" ಎಂದು ಯಜಮಾನರು ಅತ್ತೆಯನ್ನು ಮುಂದೆ ನಿಲ್ಲಿಸಿದರು. ಹಾಗೆ ಅತ್ತೆಯ ಹೆಸರಿನಲ್ಲಿ ನಾಲ್ಕು ಜನರ ರೊಟ್ಟಿ ಒಳಗೆ ಹೋಯಿತು.

ಒಳಗೆ ಕಾಲಿಟ್ಟೆವೋ ಇಲ್ಲವೋ, ಮಳೆ ಹೊಯ್ಯಲು ಶುರುವಾಯಿತು. ತುಂತುರು ಗಿಂತುರು ಏನಿಲ್ಲ, ನೇರ ಕೊಡಪಾನ ಬೋರಲು ಹಾಕಿದ ಮಳೆ. ಛತ್ರಿ ಕಾರಿನಲ್ಲೇ ಉಳಿದಿತ್ತು. "ಒಂಚೂರು ಬಿದ್ರೆ ಏನಾಗುತ್ತೆ ಅಂದ್ರಲ್ಲ, ನೋಡಿ ಈಗ!" ಎಂದು ನಾನು ಓಡುತ್ತಲೇ ಬೈದೆ. ಜನವೆಲ್ಲ ಅತ್ತಿಂದಿತ್ತ ಓಡುತ್ತಿದ್ದರು. ನೀರಾಟದ ಕೊಳದ ಪಕ್ಕದ ಶೆಡ್ಡಿನ ಕೆಳಗೆ ನಾವು ಹೋಗಿ ನಿಲ್ಲುವಷ್ಟರಲ್ಲಿ ಅತ್ತೆಯ ಸೀರೆ ಮೈಗೆ ಅಂಟಿ ಅವರು ನಡುಗುತ್ತಿದ್ದರು.

ಬೇರೆ ಸೀರೆ ತಂದಿದ್ದೆವು, ಪುಣ್ಯಕ್ಕೆ. ಅದು ಹಳದಿ ಬಟ್ಟೆ ಚೀಲದಲ್ಲಿತ್ತು. ಈ ಚೀಲದ ಕಥೆಯನ್ನೂ ಹೇಳಬೇಕು. ನಮ್ಮ ಕಡೆ ಮದುವೆಗೆ ಹೋದವರಿಗೆಲ್ಲ ಬರುವಾಗ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಒಂದು ತಾಂಬೂಲದ ಚೀಲ ಕೊಡುತ್ತಾರೆ. ಈಗೀಗ ಪ್ಲಾಸ್ಟಿಕ್ ಬಿಟ್ಟು ಎಲ್ಲರೂ ಬಟ್ಟೆಯದೇ ಕೊಡುವುದು, ಮೇಲೆ ಗಂಡು ಹೆಣ್ಣಿನ ಹೆಸರು ಅಚ್ಚು ಹಾಕಿಸಿ. ತೆಂಗಿನಕಾಯಿ ಚಟ್ನಿಯಾಗಿ ಮುಗಿದರೂ ಚೀಲ ಮುಗಿಯುವುದಿಲ್ಲ. ಅದೇ ತರಕಾರಿಗೆ, ಅದೇ ಟ್ಯೂಷನ್ನಿಗೆ, ಅದೇ ಆಸ್ಪತ್ರೆಗೆ. ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಅಂಥವು ಒಂದು ರಾಶಿ ತೂಗುತ್ತವೆ. ಈ ಹಳದಿಯದು ನಂದಿನಿ ಲೇಔಟಿನ ನಮ್ಮ ದೊಡ್ಡಮ್ಮನ ಮೊಮ್ಮಗಳ ಮದುವೆಯದು. ಊರೆಲ್ಲ ಬಂದಿತ್ತು ಆ ಮದುವೆಗೆ. ಅಂದರೆ ಈ ಪಶ್ಚಿಮ ಬೆಂಗಳೂರಿನ ತುಂಬ ಅಂಥ ಹಳದಿ ಚೀಲಗಳು ಓಡಾಡುತ್ತಿದ್ದವು. ಅದು ನನಗೆ ಆಮೇಲೆ ಹೊಳೆಯಿತು.

ಬಟ್ಟೆ ಬದಲಿಸುವ ಕೋಣೆಗೆ ಅತ್ತೆ ಚೀಲ ಹಿಡಿದು ಹೋದರು. ಒಳಗೆ ನೆಲವೆಲ್ಲ ಕೆಸರು, ಮೊಳೆಗಳ ಮೇಲೆ ಯಾರು ಯಾರದೋ ಒದ್ದೆ ಬಟ್ಟೆ. ರವಿಕೆ ತೆಗೆಯುವಾಗ ಕರಡಿಗೆಯ ದಾರ ನೆನೆದು ಹುಕ್ಕಿಗೆ ಸಿಕ್ಕಿಕೊಂಡು ಎಳೆ ಬಿಟ್ಟಿತಂತೆ. ಅಂಥ ಜಾಗದಲ್ಲಿ ಲಿಂಗವನ್ನು ಎಲ್ಲಿಡಬೇಕು? ಅತ್ತೆ ಅದನ್ನು ಒಣ ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟು, ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲ ಸಂದಿಯಿಂದ ಚೀಲವನ್ನು ಹೊರಗೆ ಚಾಚಿದರು. ನಾನು ಮಗಳನ್ನು ಕರೆದುಕೊಂಡು ಪಕ್ಕದ ಕೋಣೆಗೆ ಹೋಗಿದ್ದೆ. ಹೊರಗಿದ್ದವರು ಯಜಮಾನರು. "ಒಂದ್ ಗಳಿಗಿ ಹಿಡ್ಕೊಳಪ್ಪ. ನೆಲಕ್ಕಿಡಬ್ಯಾಡ ಮತ್ತ" ಎಂದಷ್ಟೇ ಅತ್ತೆ ಹೇಳಿದ್ದು. ಒಳಗೆ ಏನಿದೆ ಎಂದು ಹೇಳಲಿಲ್ಲ. ಒಂದು ಗಳಿಗೆಯ ಮಾತು ತಾನೆ ಅಂದುಕೊಂಡಿರಬೇಕು.

ಯಜಮಾನರು ನೆಲಕ್ಕಿಡಲಿಲ್ಲ. ಆಫೀಸಿನಿಂದ ಫೋನು ಬಂತು, ಚೀಲವನ್ನು ಬೆಂಚಿನ ಮೇಲಿಟ್ಟು ಫೋನು ತೆಗೆದರು. ಅಷ್ಟರಲ್ಲಿ ದೊಡ್ಡ ಗುಡುಗು. ನೀರಿನಲ್ಲಿದ್ದವರನ್ನೆಲ್ಲ ಸೀಟಿ ಊದಿ ಹೊರಗೆ ಕಳಿಸಿದರು, ನೂರಾರು ಜನ ಒಂದೇ ಸಲ ಆ ಶೆಡ್ಡಿಗೆ ನುಗ್ಗಿದರು. ಫೋನು ಮುಗಿಸಿ ಅವರು ಚೀಲ ಎತ್ತಿಕೊಂಡು ನಿಂತರು. ಹಳದಿ ಚೀಲ, ಅದೇ ಗಂಡು ಹೆಣ್ಣಿನ ಹೆಸರು.

ಒಣ ಸೀರೆ ಉಟ್ಟು ಬಂದ ಅತ್ತೆ ಮೊದಲು ಚೀಲಕ್ಕೆ ಕೈ ಹಾಕಿದರು. ಕೈಗೆ ಬಂದದ್ದು ಒಂದು ಹಸುಗೂಸಿನ ಪೈಜಾಮ. ಅದರ ಹಿಂದೆ ಹಾಲಿನ ಬಾಟಲಿ, ಅರ್ಧ ಪೊಟ್ಟಣ ಕೋಡುಬಳೆ. ಅತ್ತೆ ಒಂದೊಂದನ್ನೇ ತೆಗೆದು ಬೆಂಚಿನ ಮೇಲಿಟ್ಟರು. ತಳ ಬಂದ ಮೇಲೂ ಕೈ ಆಡಿಸುತ್ತಲೇ ಇದ್ದರು.

"ಇದು ನಮ್ಮ ಚೀಲ ಅಲ್ಲಪ್ಪ."

"ಅಯ್ಯೋ, ಅದಲಾಬದಲಿ ಆಗೇತಿ ಬಿಡವ್ವ. ಟವೆಲ್ ತಾನ ಇದ್ದದ್ದು?" ಎಂದರು ಯಜಮಾನರು. ತಾಯಿಯ ಜೊತೆ ಮಾತಾಡುವಾಗ ಅವರ ಬೆಂಗಳೂರು ಭಾಷೆ ಹಾರಿಹೋಗುತ್ತದೆ.

"ಅದರಾಗ ನನ್ನ ಲಿಂಗಪ್ಪ ಅದಾನ" ಎಂದರು ಅತ್ತೆ.

ಯಜಮಾನರ ಮುಖ ನೋಡಬೇಕಿತ್ತು. ಬೈಯಲು ಬಾಯಿ ತೆರೆದವಳು ನಾನು, ಆ ಮುಖ ನೋಡಿ ಮುಚ್ಚಿದೆ. ಮರುಕ್ಷಣ ಅವರು ಜನರ ನಡುವೆ ನುಗ್ಗಿ ಹಳದಿ ಬಣ್ಣ ಕಂಡಲ್ಲೆಲ್ಲ ಓಡುತ್ತಿದ್ದರು. ಒಬ್ಬ ಹೆಂಗಸಿನ ಹಳದಿ ದುಪಟ್ಟಾ ಹಿಡಿದೆಳೆಯುವುದೊಂದು ಬಾಕಿ. ನಾನು ಇನ್ನೊಂದು ದಿಕ್ಕಿಗೆ ಹೋದೆ. ಊಟದ ಕೋಣೆ, ಶೌಚಾಲಯ, ಸಿನಿಮಾ ತೋರಿಸುವ ಕೋಣೆ, ಎಲ್ಲ ಕಡೆ ಒದ್ದೆ ಜನ, ಒದ್ದೆ ಚೀಲ. ಮೈಕಿನಲ್ಲಿ ಹೇಳಿಸೋಣವೆಂದು ಹೋದೆವು. "ಬ್ಯಾಗಲ್ಲಿ ಏನಿತ್ತು ಸಾರ್?" ಎಂದು ಅಲ್ಲಿದ್ದ ಹುಡುಗಿ ಕೇಳಿದಳು. ಯಜಮಾನರು ತಡವರಿಸಿ "ಟವೆಲ್" ಎಂದರು. ಅವಳು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಒಂದು ಟವೆಲಿಗೆ ಇಷ್ಟು ಏದುಸಿರಾ ಎಂದುಕೊಂಡಿರಬೇಕು. "ರೀ, ನೆಟ್ಟಗೆ ಹೇಳ್ರೀ! ದೇವರಿದೆ ಅಂತ ಹೇಳಿ!" ಎಂದು ನಾನು ಕೂಗಿದೆ. ಆ ಹುಡುಗಿ ಪಾಪ ಚೆನ್ನಾಗಿಯೇ ಹೇಳಿದಳು, ಮೂರು ಭಾಷೆಯಲ್ಲಿ. ಆದರೆ ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಒಂದಕ್ಷರ ಯಾರಿಗೂ ಕೇಳಿಸಲಿಲ್ಲ.

ಹಿಂದಿರುಗಿ ಬಂದಾಗ ಅತ್ತೆ ಬೆಂಚಿನ ತುದಿಯಲ್ಲಿ ನೆಟ್ಟಗೆ ಕುಳಿತಿದ್ದರು. ಮಗಳು ಪಕ್ಕದಲ್ಲಿ ರೊಟ್ಟಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅತ್ತೆಯ ಬಲಗೈ ಮತ್ತೆ ಮತ್ತೆ ಎದೆಗೆ ಹೋಗಿ, ಅಲ್ಲಿ ಏನೂ ಸಿಗದೆ, ಸೆರಗು ಸರಿಮಾಡಿದಂತೆ ಮಾಡಿ ಕೆಳಗಿಳಿಯುತ್ತಿತ್ತು. ಮಾತ್ರೆ ನುಂಗಿ ಅದಾಗಲೇ ಬಹಳ ಹೊತ್ತಾಗಿತ್ತು. ಅದು ನೆನಪಾಗಿ ಮಗಳ ತೊಡೆಯಿಂದ ಡಬ್ಬಿ ಎತ್ತಿಕೊಂಡೆ.

"ಅತ್ತೆ, ಮೊದಲು ಒಂದು ರೊಟ್ಟಿ ತಿನ್ನಿ. ಹುಡುಕ್ತಾ ಇದೀವಲ್ಲ, ಸಿಗುತ್ತೆ."

"ಮೈಮ್ಯಾಲೆ ಲಿಂಗ ಇಲ್ದ ನೀರು ಸೈತ ಇಳಿಯಂಗಿಲ್ಲವ್ವ ನನಗ."

"ಮಾತ್ರೆ ತಗೊಂಡಿದೀರಾ. ಶುಗರ್ ಇಳಿದ್ರೆ ಏನ್ ಮಾಡೋದು?"

"ಇಳೀಲಿ ಬಿಡು."

"ಸಿಗದೇ ಹೋದ್ರೆ ಸ್ವಾಮಿಗಳ ಹತ್ರ ಹೋಗಿ ಇನ್ನೊಂದು ಕಟ್ಟಿಸ್ಕೊಂಡ್ರಾಯ್ತು ಅತ್ತೆ. ಎಷ್ಟು ಜನ ಕಟ್ಟಿಸ್ಕೊಂಡಿಲ್ಲ?"

ಅತ್ತೆ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. "ಕಟ್ಟಿಸ್ಕೊಬಹುದವ್ವ. ಈಕಿ ಕಳದ್ಲಂದ್ರ ನೀ ಇನ್ನೊಂದು ಹಡದು ಸುಮ್ನಾಕ್ಕಿಯೇನು?" ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು.

ಆ ಹೊತ್ತಿಗೆ ಹೊಳೆಯಿತು, ಚೀಲದ ಮೇಲೆ ಮದುವೆಯ ಹೆಸರಿದೆ ಎಂದು. ಒಯ್ದವರು ಯಾರೇ ಆಗಲಿ, ಆ ಮದುವೆಗೆ ಬಂದವರೇ. ದೊಡ್ಡಮ್ಮನಿಗೆ ಫೋನು ಮಾಡಿದೆ. ದೊಡ್ಡಮ್ಮನಿಗೆ ಒಂದು ಮಾತು ಕೇಳಿದರೆ ಅದರ ಹಿಂದೆ ಹತ್ತು ಬರುತ್ತವೆ.

"ಚೀಲಾನಾ? ಯಾವ ಚೀಲಾನೇ? ಓ ಹಳದೀದಾ! ಚೆನ್ನಾಗಿತ್ತು ಅಲ್ವಾ? ಬಟ್ಟೆ ಗಟ್ಟಿ ಇತ್ತಾ? ಚಿಕ್ಕಪೇಟೆಗೆ ಹೋಗಿ ಮಾಡಿಸಿದ್ದು ಕಣೇ..."

"ದೊಡ್ಡಮ್ಮ, ಬಟ್ಟೆ ಗಟ್ಟಿ ಇದೆ, ದಮ್ಮಯ್ಯ, ಒಂದ್ನಿಮಿಷ ಕೇಳಿಸ್ಕೋ. ನಿಮ್ಮನೆ ಮದುವೆಗೆ ಬಂದಿದ್ದೋರಲ್ಲಿ ಇವತ್ತು ಯಾರು ವಾಟರ್ ಪಾರ್ಕಿಗೆ ಬಂದಿದಾರೆ? ಚಿಕ್ಕ ಮಗು ಇರೋರು."

"ಅಯ್ಯೋ, ಈ ಮಳೇಲಿ ಯಾರೇ ಹೋಗ್ತಾರೆ ಅಲ್ಲಿಗೆ? ತಲೆ ಕೆಟ್ಟಿರೋರು!"

"ನಾವು ಬಂದಿದೀವಿ ದೊಡ್ಡಮ್ಮ!"

ಲಿಂಗದ ವಿಷಯ ಹೇಳಿದ ಮೇಲೆ ಮಾತ್ರ ಅವರ ದನಿ ಬದಲಾಯಿತು. "ಶಿವನೇ" ಎಂದವರೇ ಫೋನಿಟ್ಟರು. ಆಮೇಲೆ ನಮ್ಮ ಇಡೀ ನೆಂಟಸ್ತನ ಎದ್ದು ಕೂತಿತು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಟಣ್ ಟಣ್ ಎಂದು ಮೆಸೇಜು. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು, ವಯಸ್ಸಾದವರನ್ನು ಅಂಥ ಕಡೆ ಕರೆದುಕೊಂಡು ಹೋಗಬಾರದಿತ್ತು ಎಂದರು. ಬಸವೇಶ್ವರನಗರದ ಸೋದರತ್ತೆಯೊಬ್ಬರು, ಗಂಡ ಏನು ಮಾಡುತ್ತಿದ್ದ ಎಂದು ಕೇಳಿದರು. ಯಜಮಾನರು ಅದನ್ನು ಓದಿ ಫೋನನ್ನು ಜೇಬಿಗೆ ಹಾಕಿದರು. ನಾನು ನಿಂತಲ್ಲಿ ನಿಲ್ಲಲಾರದೆ ಶೆಡ್ಡಿನ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆ. ಕಾಲಿಗೆ ಸಿಕ್ಕವರೆಲ್ಲ ನನ್ನ ಶತ್ರುಗಳಂತೆ ಕಾಣುತ್ತಿದ್ದರು.

ಕೊನೆಗೆ ಸಿಕ್ಕಿತು. ಮದುವೆ ಗಂಡಿನ ಆಫೀಸಿನವನೊಬ್ಬ ಬೆಳಿಗ್ಗೆ ತನ್ನ ಕೂಸು ನೀರಿನಲ್ಲಿ ಕೂತ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದ್ದನಂತೆ. ಹೆಂಡತಿ, ಮಗುವಿನ ಜೊತೆ ಉಲ್ಲಾಳದಲ್ಲಿ ಮನೆ. ನಂಬರು ಬಂತು, ಮಾಡಿದೆ. ಹೆಂಡತಿ ಎತ್ತಿದಳು. ಮಳೆ ಬಿಡುವುದಿಲ್ಲವೆಂದು ಅವರು ಆಗಲೇ ಹೊರಟುಹೋಗಿ, ಕೆಂಗೇರಿಯಲ್ಲಿ ಊಟಕ್ಕೆಂದು ನಿಲ್ಲಿಸಿದ್ದರು. ಮಗುವಿಗೆ ಹಾಲಿನ ಬಾಟಲಿ ತೆಗೆಯಲು ಹೋಗಿ ಟವೆಲು ನೋಡಿದ್ದಾರೆ.

"ಆಂಟಿ, ಬೆಳ್ಳೀದು ಏನೋ ಇದೆ. ದೇವರ ಥರ ಇದೆ. ನಾವು ಬಿಚ್ಚಿಲ್ಲ ಆಂಟಿ, ಪ್ರಾಮಿಸ್" ಎಂದಳು. ಹುಡುಗಿ ಹೆದರಿಬಿಟ್ಟಿದ್ದಳು.

ನಾನು ಅಲ್ಲೇ ಬೆಂಚಿನ ಮೇಲೆ ಕುಸಿದೆ. ಅವರೇ ವಾಪಸು ಬರುತ್ತೇವೆ ಎಂದರು, ಆದರೆ ಮಗು ಒಂದೇ ಸಮನೆ ಅಳುತ್ತಿತ್ತು. ನೀವು ಅಲ್ಲೇ ಇರಿ, ನಾವೇ ಬರುತ್ತೇವೆ ಎಂದೆ. ಯಜಮಾನರು ಆಗಲೇ ಅವರ ಚೀಲ ಹಿಡಿದು ಗೇಟಿನ ಕಡೆ ಓಡುತ್ತಿದ್ದರು. ಅತ್ತೆ ನನ್ನ ಕೈ ಹಿಡಿದರು. "ಕೆಳಗಿಡಬ್ಯಾಡ, ಮಡಿಲಾಗ ಇಟ್ಕೊಳ್ಳವ್ವ ಅಂತ ಹೇಳು ಆ ಹುಡುಗಿಗೆ." ಹೇಳಿದೆ. "ಮಡಿಲಲ್ಲೇ ಇಟ್ಕೊಂಡಿದೀನಿ ಆಂಟಿ, ಮಗೂನ ಇವರು ಎತ್ಕೊಂಡಿದಾರೆ" ಎಂದಳು. ಅವಳು ಯಾರೋ ಏನೋ, ಅವಳ ಹೊಟ್ಟೆ ತಣ್ಣಗಿರಲಿ.

ಸಿಕ್ಕಿತಲ್ಲ, ಇನ್ನೇನು ತಿನ್ನುತ್ತಾರೆ ಎಂದು ನಾನು ಡಬ್ಬಿಯ ಮುಚ್ಚಳ ತೆಗೆದೆ. ಅತ್ತೆ ಮುಚ್ಚಿದರು. "ಮೈಮ್ಯಾಲೆ ಬರ್ಲಿ ತಡಿ."

ತಡೆದೆ. ಬಿಸಿಲಿನ ದಿನವಾದರೆ ಕೆಂಗೇರಿಗೆ ಹೋಗಿ ಬರುವುದು ದೊಡ್ಡ ವಿಷಯವಲ್ಲ. ಅಂಥ ಮಳೆಯಲ್ಲಿ ಮೈಸೂರು ರಸ್ತೆ ಎಂದರೆ, ಅಲ್ಲಿ ಸಿಕ್ಕಿಕೊಂಡವರಿಗೇ ಗೊತ್ತು. "ಹೊರಟೆ" ಎಂದು ಒಂದು ಫೋನು. "ಕುಂಬಳಗೋಡಲ್ಲಿ ನೀರು ನಿಂತಿದೆ ಕಣೇ, ಲಾರಿ ಅಡ್ಡ ನಿಂತಿದೆ" ಎಂದು ಇನ್ನೊಂದು. ಆಮೇಲೆ "ತಗೊಂಡೆ, ವಾಪಸ್ ಬರ್ತಾ ಇದೀನಿ." ಅದಾದ ಮೇಲೆ ಫೋನಿಲ್ಲ. ನಾನು ಮಾಡಿದರೆ ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತಿತ್ತು. ಓಡಿಸುವಾಗ ಅವರು ಫೋನು ಎತ್ತುವುದಿಲ್ಲ, ಅದು ನಾನೇ ಹಾಕಿದ ಶಿಸ್ತು. ಆವತ್ತು ಆ ಶಿಸ್ತಿಗೆ ಬೆಂಕಿ ಹಾಕಬೇಕು ಅನಿಸಿತು.

ಮಳೆ ಸ್ವಲ್ಪ ಕಡಿಮೆಯಾಯಿತು. ದೂರದಲ್ಲಿ ಒಂದು ದೊಡ್ಡ ಚಕ್ರ ತಿರುಗಲು ಶುರುವಾಯಿತು, ಜನ ಕಿರುಚುತ್ತಾ ಹೊರಗೆ ಓಡಿದರು. "ಹೋಗೇ, ನೀನಾದ್ರೂ ಆಡ್ಕೊಂಡು ಬಾ" ಎಂದೆ ಮಗಳಿಗೆ. ಅವಳು ಅತ್ತ ನೋಡಿದಳು, ಆಸೆಯಿಂದಲೇ ನೋಡಿದಳು. "ಬೇಡ" ಎಂದು ಅಜ್ಜಿಯ ಪಕ್ಕಕ್ಕೆ ಇನ್ನಷ್ಟು ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ, "ಮಮ್ಮಿ, ಅಜ್ಜಿ ಕೈ ನೋಡು" ಎಂದಳು.

ಅತ್ತೆಯ ಕೈ ನಡುಗುತ್ತಿತ್ತು. ಚಳಿಗೆ ಎಂದುಕೊಂಡು ಹಿಡಿದರೆ, ಒದ್ದೆ. ಹಣೆಯ ಮೇಲೆ ಬೆವರಿನ ಹನಿ. ಅಷ್ಟು ತಣ್ಣನೆಯ ಗಾಳಿಯಲ್ಲಿ ಬೆವರು! "ಅತ್ತೆ, ತಲೆ ಸುತ್ತುತ್ತಾ?" ಎಂದರೆ "ಇಲ್ಲವ್ವ" ಎಂದರು. ಆ "ಇಲ್ಲವ್ವ" ಅನ್ನುವುದಕ್ಕೆ ಅವರಿಗೆ ಒಂದು ನಿಮಿಷ ಬೇಕಾಯಿತು. ನಾನು ಅಂಗಡಿಗೆ ಓಡಿ ಮಾವಿನ ಜ್ಯೂಸಿನ ಡಬ್ಬ ತಂದೆ. ಕಡ್ಡಿ ಚುಚ್ಚಿ ಬಾಯಿಗೆ ಹಿಡಿದೆ. ಅತ್ತೆ ತುಟಿ ಬಿಗಿದುಕೊಂಡು ಮುಖ ಪಕ್ಕಕ್ಕೆ ತಿರುಗಿಸಿದರು, ಔಷಧಿ ಬೇಡವೆನ್ನುವ ಮಗುವಿನ ಹಾಗೆ.

ನನ್ನ ಭಯವೆಲ್ಲ ಬಾಯಿಗೆ ಬಂತು. "ಏನತ್ತೆ ಇದು ಹಟ! ಸಿಕ್ಕಿದೆ, ಬರ್ತಾ ಇದೆ, ಮಗನ ಕೈಯಲ್ಲಿದೆ! ಇನ್ನು ಸ್ವಲ್ಪ ಹೊತ್ತಿಗೆ ನೀವು ಬಿದ್ದುಹೋದ್ರೆ ಯಾರಿಗೆ ಕಟ್ಟೋದು ಅದನ್ನ? ನಿಮ್ಮ ದೇವರು ನಿಮಗೆ ಜ್ಯೂಸ್ ಕುಡೀಬೇಡ ಅಂದನಾ?" ಸುತ್ತಲಿದ್ದವರು ತಿರುಗಿ ನೋಡಿದರು. ನೋಡಲಿ. ಇಷ್ಟು ವರ್ಷದಲ್ಲಿ ಅತ್ತೆಗೆ ನಾನು ಆ ದನಿಯಲ್ಲಿ ಮಾತಾಡಿದವಳಲ್ಲ. ಅವರ ಕಣ್ಣು ಗೇಟಿನ ದಾರಿಯ ಮೇಲಿತ್ತು, ಆದರೆ ನೋಟ ಅಲ್ಲಿ ನಿಲ್ಲುತ್ತಿರಲಿಲ್ಲ.

ಮಗಳು ನನ್ನ ಕೈಯಿಂದ ಡಬ್ಬ ಕಿತ್ತುಕೊಂಡಳು. "ಮಮ್ಮಿ, ನೀನು ಸ್ವಲ್ಪ ಸುಮ್ನಿರು" ಎಂದಳು. ಅಜ್ಜಿಯ ಮುಂದೆ ಆ ಒದ್ದೆ ನೆಲದ ಮೇಲೆ ಮಂಡಿಯೂರಿ ಕುಳಿತಳು.

"ಅಜ್ಜಿ, ಇಲ್ಲಿ ನೋಡು. ನೀನು ಬಿದ್ರೆ ನಾನ್ ಏನ್ ಮಾಡ್ಲಿ? ಮಮ್ಮಿಗೆ ಕಿರುಚೋದು ಬಿಟ್ರೆ ಏನೂ ಬರಲ್ಲ. ಪಪ್ಪ ಇಲ್ಲ. ನಂಗೆ ತುಂಬಾ ಭಯ ಆಗ್ತಿದೆ ಅಜ್ಜಿ."

ಅವಳು ಅಳುತ್ತಿರಲಿಲ್ಲ. ಗಲ್ಲ ಮಾತ್ರ ಅದುರುತ್ತಿತ್ತು. ಅತ್ತೆ ಅವಳನ್ನು ನೋಡಿದರು. ಬಹಳ ಹೊತ್ತು ನೋಡಿದರು ಎಂದು ನನಗೆ ಅನಿಸುತ್ತದೆ, ನಿಜವಾಗಿ ಎಷ್ಟು ಹೊತ್ತೋ.

"ನಿಮ್ಮಪ್ಪ ಎಲ್ಲಿಗ್ ಬಂದಾನಂತ?"

"ಗೊತ್ತಿಲ್ಲ ಅಜ್ಜಿ. ಫೋನ್ ಎತ್ತುತಿಲ್ಲ."

ಅತ್ತೆ ಕಣ್ಣು ಮುಚ್ಚಿದರು. ತುಟಿ ಏನೋ ಹೇಳಿಕೊಂಡಿತು, ನಮಗೆ ಕೇಳಿಸಲಿಲ್ಲ. ಬಾಯಿ ತೆರೆದರು. ಮಗಳು ಕಡ್ಡಿಯನ್ನು ತುಟಿಗಿಟ್ಟಳು. ಡಬ್ಬ ಖಾಲಿಯಾಗಿ ಸೊರ ಸೊರ ಸದ್ದು ಬರುವವರೆಗೂ ಕಣ್ಣು ಬಿಡದೆ ಕುಡಿದರು. ಡಬ್ಬ ಹಿಡಿದ ಅತ್ತೆಯ ಕೈ ನಡುಗಿ ಒಂದಿಷ್ಟು ಅವರ ಬೆರಳ ಮೇಲೂ ಚೆಲ್ಲಿತು. ಎಷ್ಟೋ ದಶಕಗಳ ನೇಮ ಅದು. ನನಗೆ ಆಗ ಬಂದದ್ದು ಒಂದೇ ಯೋಚನೆ, ಸದ್ಯ ಬದುಕಿದೆವು ಎಂದು. ಮಗಳನ್ನು ತಬ್ಬಿಕೊಂಡೆ. ಅತ್ತೆಯ ಬೆವರು ಒರೆಸಿದೆ. ಮುಖಕ್ಕೆ ಬಣ್ಣ ಬರುವುದನ್ನೇ ಕಾಯುತ್ತಾ ಕುಳಿತೆ. ನಿಧಾನಕ್ಕೆ ಕೈ ನಡುಕ ನಿಂತಿತು, ನೋಟ ನೆಟ್ಟಗಾಯಿತು.

ಅಷ್ಟೇ ಹೊತ್ತು. ಅಷ್ಟರಲ್ಲಿ ಗೇಟಿನ ಕಡೆಯಿಂದ ಯಜಮಾನರು ಓಡಿ ಬರುವುದು ಕಂಡಿತು. ಬರಿಗಾಲು, ಚಪ್ಪಲಿ ಎಲ್ಲಿ ಬಿಟ್ಟಿದ್ದರೋ. ತಲೆಯಿಂದ ನೀರಿಳಿಯುತ್ತಿತ್ತು. ಅಂಗಿಯ ಗುಂಡಿ ಬಿಚ್ಚಿ ಟವೆಲಿನ ಗಂಟನ್ನು ಎದೆಗೆ ಒತ್ತಿಕೊಂಡು, ಅದರ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡಿದ್ದರು. ಅದೊಂದು ಮಾತ್ರ ಒಣಗಿತ್ತು. "ಅವ್ವಾ, ತಂದೀನಿ! ತಂದೀನವ್ವಾ!" ಎಂದು ದೂರದಿಂದಲೇ ಕೂಗುತ್ತಾ ಬಂದರು. ನಗುತ್ತಿದ್ದರು, ಅಳುತ್ತಲೂ ಇದ್ದರು. ಮಗಳು ಚಪ್ಪಾಳೆ ತಟ್ಟಿ ಕುಣಿದಳು. ನಾನೂ ಕೂಗಿದೆ. ಗುರುತಿಲ್ಲದವರು ಕೂಡ ನಮ್ಮನ್ನು ನೋಡಿ ನಕ್ಕರು.

ಯಜಮಾನರು ಟವೆಲು ಬಿಚ್ಚಿ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. ಅತ್ತೆ ಕೈ ಚಾಚಿದರು, ಆಮೇಲೆ ಸರ್ರನೆ ಹಿಂದಕ್ಕೆಳೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡರು.

"ತಡಿಯಪ್ಪ. ಕೈ ಎಂಜಲಾಗೇತಿ."

ಯಜಮಾನರ ನಗು ಹಾಗೇ ನಿಂತಿತು. ಬೆಂಚಿನ ಮೇಲಿದ್ದ ಖಾಲಿ ಡಬ್ಬ ನೋಡಿದರು, ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅವರು ಕೈ ಚಾಚಿದಂತೆಯೇ ನಿಂತರು.

ಅತ್ತೆ ಗೋಡೆ ಹಿಡಿದು ಎದ್ದು ಶೆಡ್ಡಿನ ಅಂಚಿಗೆ ಹೋದರು. ತಗಡಿನಿಂದ ನೀರು ಧಾರೆಯಾಗಿ ಬೀಳುತ್ತಿತ್ತು. ಅದರ ಕೆಳಗೆ ಕೈ ಹಿಡಿದು ಮೊಣಕೈವರೆಗೆ ತೊಳೆದರು. ಬೊಗಸೆಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿ ಉಗುಳಿದರು. ಮತ್ತೆ ಮುಕ್ಕಳಿಸಿದರು. ಬೆರಳಿನಿಂದ ಹಲ್ಲುಜ್ಜಿದರು, ನಾಲಿಗೆ ಉಜ್ಜಿದರು, ಮತ್ತೆ ಮುಕ್ಕಳಿಸಿದರು. ಅವರ ಒಣ ಸೀರೆ ಮತ್ತೆ ನೆನೆಯುತ್ತಿತ್ತು. ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ. ನಾನು ಹೋಗಿ ಭುಜ ಹಿಡಿದೆ.

"ಸಾಕು ಬನ್ನಿ ಅತ್ತೆ. ಕೈ ಬಾಯಿ ಎಲ್ಲ ಚೊಕ್ಕ ಆಯ್ತು. ಅವರು ಕಾಯ್ತಾ ನಿಂತಿದಾರೆ."

ಅತ್ತೆ ಮತ್ತೊಂದು ಬೊಗಸೆ ನೀರು ಹಿಡಿದರು. ತಿರುಗಿ ನನ್ನನ್ನು ನೋಡಿದ ಆ ಮುಖದಲ್ಲಿ ಮಳೆಯ ನೀರೆಷ್ಟೋ, ಕಣ್ಣೀರೆಷ್ಟೋ.

"ಎಷ್ಟ್ ತೊಳದ್ರೂ ಸಿಹಿ ಹೋಗವಲ್ದವ್ವ" ಎಂದರು.